ಕೆಂಪು ಟೊಪ್ಪಿ ಇಲ್ಲದ ತಂತಿ

ಏಳನೆಯ ಕಂತು

ಚಪ್ಪಲಿ ಅಂಗಡಿಯ ಹಿಂಗೋಡೆಗೆ ಕಿವಿ ಹಚ್ಚಿ ಮೀಟರ್ ಅತ್ತೆ ಮಂಡಿಯೂರಿ ಕೂತಿದ್ದರು. ಅವರಿಗೆ ಜಾಗ ಮಾಡಿಕೊಡಲೆಂದು ನಾನು ಇಪ್ಪತ್ತು ಡಬ್ಬ ಇಳಿಸಿ, ಕೊನೆಯ ಆರನ್ನು ಇಡಲು ಎಲ್ಲೂ ಜಾಗ ಸಿಗದೆ, ಗಲ್ಲದಡಿ ಒತ್ತಿ ಹಿಡಿದು ನಿಂತಿದ್ದೆ.

ಅಂಗಡಿಯ ಯಜಮಾನ ಕಾಲು ಗಂಟೆಯಿಂದ ನಮ್ಮನ್ನೇ ನೋಡುತ್ತ ಒಂದೇ ಬೂಟನ್ನು ಒರೆಸುತ್ತಿದ್ದ. ಆ ಬೂಟಿನಲ್ಲಿ ಈಗ ಮುಖ ನೋಡಿಕೊಳ್ಳಬಹುದಿತ್ತು.

"ಇಲ್ಲೇನೂ ಇಲ್ಲ ಪುಟ್ಟಿ," ಎಂದರು ಅತ್ತೆ.

"ಮುನ್ನೂರ ನಲವತ್ತು ಮೀಟರ್ ಅಂದ್ರೆ ಇದೇ ಗೋಡೆ ಅತ್ತೆ. ನಾನೇ ಟೇಪ್ ಹಿಡಿದು ಅಳೆದಿದ್ದೀನಿ."

"ನೀನು ಅಳೆದಿದ್ದು ಸರಿ. ಗೋಡೆ ತಪ್ಪು."

ಗಡಿಯಾರ ಹತ್ತೂವರೆ ದಾಟಿತ್ತು. ಇವತ್ತು ಮಂಗಳವಾರ. ಸಂಜೆ ನಾಲ್ಕರೊಳಗೆ ನಮ್ಮ ಲೈನನ್ನು ಕೆಡಿಸುತ್ತಿರುವವರು ಯಾರೆಂದು ಫಾರಂ ತುಂಬಿ ಕೊಡದಿದ್ದರೆ ನಾವು ಬಾಡಿಗೆಗೆ ಪಡೆದ ಹನ್ನೊಂದು ಲೈನುಗಳೂ ರದ್ದು ಎಂದು ಫೋನ್ ಕಂಪನಿಯ ನೋಟೀಸು ಹೇಳಿತ್ತು.

ನಮ್ಮ ಕಸುಬು ಏನೆಂದು ಹೇಳಿದರೆ ಅರ್ಧ ಜನ ನಗುತ್ತಾರೆ. ನಾನೂ ನನ್ನ ಅಕ್ಕನೂ ಫೋನ್ ಕಂಪನಿಯಿಂದ ಬರಿಯ ತಾಮ್ರದ ತಂತಿ ಬಾಡಿಗೆಗೆ ತೆಗೆದುಕೊಳ್ಳುತ್ತೇವೆ. ಅದಕ್ಕೆ ನಂಬರಿಲ್ಲ, ರಿಂಗಿಲ್ಲ, ಎತ್ತಿದರೆ ಡಯಲ್ ಟೋನೂ ಇಲ್ಲ. ಇಲ್ಲಿಂದ ಅಲ್ಲಿಗೆ ಎರಡೆಳೆ ತಾಮ್ರ, ಅಷ್ಟೇ. ಎರಡೂ ತುದಿಗೆ ನಮ್ಮದೊಂದು ಪೆಟ್ಟಿಗೆ ಕೂರಿಸಿದರೆ ಆ ಎರಡು ಜಾಗದ ಕಂಪ್ಯೂಟರುಗಳು ಯಾರ ಹಂಗೂ ಇಲ್ಲದೆ ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತವೆ.

ಬೀದಿಯ ಹತ್ತು ಅಂಗಡಿಗಳಿಗೆ ಒಂದೊಂದು ಲೈನು. ಹನ್ನೊಂದನೆಯದು ಗ್ರಂಥಾಲಯದ ಮಹಡಿಯಲ್ಲಿರುವ ನಮ್ಮ ಕೋಣೆಯಿಂದ ಟೆಲಿಫೋನ್ ಎಕ್ಸ್‌ಚೇಂಜಿನ ಮೂಲಕ ಕೆಳಬೀದಿಯ ಕ್ಲಿನಿಕ್ಕಿಗೆ ಹೋಗುತ್ತದೆ. ತೊಂದರೆ ಅದರದೇ. ಕಂಪನಿಯವರು ಕೊಟ್ಟು ಎರಡು ತಿಂಗಳಾಯಿತು, ಎರಡು ತಿಂಗಳಿಂದಲೂ ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ ಸರಿಯಾಗಿ ಹನ್ನೊಂದೂ ಕಾಲಿಗೆ ಅದು ಮೂರ್ಛೆ ಹೋಗುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಏನೂ ಆಗದವರ ಹಾಗೆ ಎದ್ದು ಕೂರುತ್ತದೆ. ಹೋದ ಶುಕ್ರವಾರ ಕ್ಲಿನಿಕ್ಕಿನಿಂದ ಹೊರಟ ಎಕ್ಸ್‌ರೇಯಲ್ಲಿ ಯಾರದೋ ಮೊಣಕಾಲು ಅರ್ಧಕ್ಕೇ ನಿಂತಿತ್ತು.

ಮೂರು ಸಲ ದೂರು ಕೊಟ್ಟೆವು. ಮೂರು ಸಲವೂ ಕಂಪನಿಯ ಫಿಟ್ಟರ್ ಬರುವಷ್ಟರಲ್ಲಿ ಲೈನು ಸರಿಯಾಗಿತ್ತು. ಮೂರು ಸುಳ್ಳು ದೂರು ಕೊಟ್ಟವರ ಗುತ್ತಿಗೆ ರದ್ದು ಎನ್ನುವುದು ಕಂಪನಿಯ ನಿಯಮ. ಅಕ್ಕ ಟೀಚರ್ ಕೆಲಸ ಬಿಟ್ಟು ಈ ತಂತಿಗಳನ್ನು ನಂಬಿ ಬಂದವಳು. ಅವಳನ್ನು ಹಾಗೆ ಹುರಿದುಂಬಿಸಿ ಕರೆತಂದವಳು ನಾನು.

ಅತ್ತೆ ನನ್ನ ಅಪ್ಪನ ಅಕ್ಕ. ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಲೈನು ಪರೀಕ್ಷೆಯ ಮೇಜಿನ ಮುಂದೆ ಕೂತು ನಿವೃತ್ತರಾದವರು. ಕೊರಳಿಗೆ ಮೀಟರು ನೇತುಹಾಕಿಕೊಂಡೇ ತಿಂಡಿ ತಿನ್ನುತ್ತಾರೆ. ಅವರ ಬಳಿ ಇನ್ನೊಂದು ಪೆಟ್ಟಿಗೆಯೂ ಇದೆ. ತಂತಿಯೊಳಕ್ಕೆ ಅದರಿಂದ ಒಂದು ಮಿಡಿತ ಬಿಟ್ಟರೆ, ದಾರಿಯಲ್ಲಿ ಎಲ್ಲಿ ಏನು ಅಂಟಿಕೊಂಡಿದೆಯೋ ಅಲ್ಲಿಂದ ಅದು ವಾಪಸ್ ಬರುತ್ತದೆ, ಬಾವಿಗೆ ಬಗ್ಗಿ ಕೂಗಿದ ಹಾಗೆ. ಬೆಳಗ್ಗೆ ನಮ್ಮ ಕೋಣೆಯಿಂದ ಬಿಟ್ಟ ಮಿಡಿತ ಮುನ್ನೂರ ನಲವತ್ತು ಮೀಟರಿನಲ್ಲಿ ಮುಗ್ಗರಿಸಿ ವಾಪಸ್ ಬಂದಿತ್ತು. ನಮ್ಮ ತಂತಿಗೆ ಅಲ್ಲಿ ಯಾರೋ ಒಂದು ಕವಲು ಕಟ್ಟಿದ್ದರು.

ಆ ಯಾರೋ ಯಾರೆಂದು ನನಗೆ ಮೊದಲ ದಿನದಿಂದಲೂ ಖಾತ್ರಿಯಿತ್ತು. ಗಾಜಿನ ತಂತಿ, ಅಂದರೆ ಫೈಬರ್ ಕೇಬಲ್, ಮಾರುವ ಸೇಲ್ಸ್‌ಮನ್. ಎರಡು ತಿಂಗಳಿಂದ ಬೀದಿಯ ಅಂಗಡಿ ಅಂಗಡಿಗೂ ಹೋಗಿ, ತಾಮ್ರದ ಕಾಲ ಮುಗೀತು ಸಾರ್ ಎಂದು ಬಣ್ಣದ ಕಾಗದ ಹಂಚುತ್ತಿದ್ದಾನೆ. ಈಗಲೂ ಇದೇ ಅಂಗಡಿಯಲ್ಲಿ, ಒಂದು ಕಾಲಿಗೆ ಹೊಸ ಬೂಟು, ಇನ್ನೊಂದಕ್ಕೆ ಬರೀ ಕಾಲುಚೀಲ ಹಾಕಿಕೊಂಡು ಕೂತು ನಮ್ಮನ್ನು ಪಿಳಿಪಿಳಿ ನೋಡುತ್ತಿದ್ದ.

ನಾನು ಅವನನ್ನು ದುರುಗುಟ್ಟಿ ನೋಡಿದ್ದು ಅತ್ತೆಗೆ ಕಂಡಿತು. ಮಂಡಿ ಒರೆಸಿಕೊಂಡು ಎದ್ದವರೇ ಚೀಲದಿಂದ ಒಂದು ಗೇಣುದ್ದದ ಹಳೆಯ ಕೇಬಲ್ ತುಂಡು ತೆಗೆದು ಅವನ ಮಡಿಲಿಗಿಟ್ಟರು. ಒಳಗೆ ಐವತ್ತು ಜೋಡಿ, ಅಂದರೆ ನೂರು ಎಳೆ, ಬಣ್ಣ ಬಣ್ಣದ ಸಿಪ್ಪೆ. ಇದರಲ್ಲಿ ಒಂದು ಜೋಡಿ ಹುಡುಕಿಕೊಡಪ್ಪ ಎಂದು ಕೇಳಿದರು. ಅವನು ಕೇಬಲನ್ನು ತಿರುಗಿಸಿ ಮುರುಗಿಸಿ ನೋಡಿ, ಎರಡು ಕೆಂಪು ಎಳೆಗಳನ್ನು ಹಿಡಿದು, ಬಣ್ಣ ಒಂದೇ ಇದೆಯಲ್ಲ, ಇದೇ ಇರಬೇಕು ಎಂದು ಹೆಮ್ಮೆಯಿಂದ ಒಪ್ಪಿಸಿದ. ಜೋಡಿ ಎಂದರೆ ಎರಡು ಬೇರೆ ಬೇರೆ ಬಣ್ಣದ ಎಳೆಗಳು ಹೊಸೆದುಕೊಂಡಿರುವುದು. ಎರಡು ತಿಂಗಳ ನನ್ನ ಅನುಮಾನಕ್ಕೆ ಅಲ್ಲಿಗೆ ಎಳ್ಳುನೀರು ಬಿಟ್ಟಂತಾಯಿತು.

"ಕಂಡ್ಯಾ?" ಎಂದರು ಅತ್ತೆ, ಹೊರಗೆ ಬಂದಮೇಲೆ. "ಗೊತ್ತಿಲ್ಲದವನು ಕೈ ಹಾಕಿದ್ರೆ ಇಡೀ ಬೀದಿ ಕೆಡುತ್ತೆ. ನಮ್ಮ ಲೈನು ಕೆಡಿಸೋನು ನೂರು ಎಳೇಲಿ ಎರಡನ್ನೇ ಮುಟ್ಟುತ್ತಾನೆ, ಇಪ್ಪತ್ತು ನಿಮಿಷ ಇಟ್ಕೊಂಡು ಹೇಗಿತ್ತೋ ಹಾಗೇ ವಾಪಸ್ ಬಿಡ್ತಾನೆ. ಇದು ಕಲಿತ ಕೈ ಪುಟ್ಟಿ. ತಂತಿ ಮೇಲೆ ಅಕ್ಕರೆ ಇರೋ ಕೈ."

ನನಗೆ ತಾಳ್ಮೆ ಎಂಬುದು ಹುಟ್ಟಿನಿಂದಲೇ ಬಂದಿಲ್ಲ. ಅಕ್ಕರೆಯ ಕೈ ಸಿಕ್ಕರೆ ಅದನ್ನು ಹಿಡಿದು ತಿರುಚುತ್ತೇನೆ ಎಂದೆ.

ಅತ್ತೆ ಕೇಳಿಸಿಕೊಳ್ಳಲಿಲ್ಲ. ಅವರ ಕಣ್ಣು ರಸ್ತೆಯ ಮೇಲಿತ್ತು. ಗ್ರಂಥಾಲಯದ ಮೂಲೆಯಿಂದ ಇಲ್ಲಿಯವರೆಗೆ ಕಾಲುದಾರಿಯ ಅಂಚಿನಲ್ಲಿ ಸಾಲಾಗಿ ಕಬ್ಬಿಣದ ಮುಚ್ಚಳಗಳು. ಒಂದೊಂದನ್ನೂ ಬೆರಳು ಮಡಿಸಿ ಎಣಿಸಿದರು. ಆರು.

ಆಮೇಲೆ ತಮ್ಮ ಹಣೆಯನ್ನು ತಾವೇ ಚಟ್ಟನೆ ಬಡಿದುಕೊಂಡು ನಕ್ಕರು. ಅರವತ್ತಾರು ವರ್ಷದ ಹೆಂಗಸು ಬೀದಿಯ ನಡುವೆ ಹಾಗೆ ನಕ್ಕರೆ ಯಾರಿಗೂ ನಗು ಬಂದೇ ಬರುತ್ತದೆ. ಯಾಕೆಂದು ಗೊತ್ತಿಲ್ಲದೆ ನಾನೂ ನಕ್ಕೆ.

"ನೀನು ಅಳೆದದ್ದು ರಸ್ತೇನ. ಮಿಡಿತ ಹೋಗಿದ್ದು ಕೇಬಲ್ಲಲ್ಲಿ. ಪ್ರತಿ ಗುಂಡೀಲೂ ನಮ್ಮವರು ಒಂದೆರಡು ಸುತ್ತು ಕೇಬಲ್ ಸುರುಳಿ ಮಾಡಿ ಬಿಡ್ತಿದ್ರು, ಮುಂದೆ ಜೋಡಿಸೋಕೆ ಬೇಕಾಗುತ್ತೆ ಅಂತ. ಗುಂಡಿಗೆ ನಾಲ್ಕು ಮೀಟರ್."

ಆರು ಗುಂಡಿ, ಇಪ್ಪತ್ತನಾಲ್ಕು ಮೀಟರ್. ಅಷ್ಟು ದೂರ ಹಿಂದಕ್ಕೆ ಬರಬೇಕು. ನಾನು ಟೇಪಿನ ತುದಿಯನ್ನು ಚಪ್ಪಲಿ ಅಂಗಡಿಯ ಬಾಗಿಲಿಗೆ ಸಿಕ್ಕಿಸಿ ಓಡಿದೆ. ಹೊಲಿಗೆ ಅಂಗಡಿ ದಾಟಿತು, ಬ್ರೆಡ್ ಅಂಗಡಿ ದಾಟಿತು. ಟೇಪು ಇಪ್ಪತ್ತನಾಲ್ಕು ತೋರಿಸಿದಾಗ ನನ್ನ ಮೂಗು ಗಡಿಯಾರ ರಿಪೇರಿ ಅಂಗಡಿಯ ಗಾಜಿಗೆ ತಾಗುವಷ್ಟು ಹತ್ತಿರವಿತ್ತು.

ಒಳಗೆ ಏಣಿ ಮಾಮ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು.

ಏಣಿ ಮಾಮನನ್ನು ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಫೋನ್ ಕಂಪನಿಯಲ್ಲಿ ಲೈನ್‌ಮನ್ ಆಗಿದ್ದವರು, ಹೆಗಲ ಮೇಲೆ ಸದಾ ಏಣಿ ಹೊತ್ತು ತಿರುಗುತ್ತಿದ್ದರಿಂದ ಆ ಹೆಸರು. ನಿವೃತ್ತರಾದಮೇಲೆ ತಮ್ಮ ತಂದೆಯ ಗಡಿಯಾರದ ಅಂಗಡಿಯಲ್ಲಿ ಕೂತರು. ಹೆಂಡತಿ ತೀರಿಕೊಂಡು ಬಹಳ ವರ್ಷ. ನಾನು ಚಿಕ್ಕವಳಿದ್ದಾಗ ನನ್ನ ಬೊಂಬೆಯ ಕೈಗಡಿಯಾರಕ್ಕೂ ಕೀಲಿ ಕೊಟ್ಟ ಮನುಷ್ಯ. 

"ಅವರಾಗಿರಲ್ಲ ಅತ್ತೆ," ಎಂದೆ.

ಅತ್ತೆ ಆಗಲೇ ಬಾಗಿಲು ತಳ್ಳಿದ್ದರು.

ಅಂಗಡಿಯ ತುಂಬ ಟಿಕ್‌ಟಿಕ್. ನಾಲ್ಕು ಗೋಡೆಗೂ ಗಡಿಯಾರ, ಹೆಚ್ಚುಕಡಿಮೆ ಎಲ್ಲವೂ ಹನ್ನೊಂದಕ್ಕೆ ಐದು ನಿಮಿಷ ತೋರಿಸುತ್ತಿದ್ದವು. ಮಾಮ ಎದ್ದು ನಿಂತು, ಅಕ್ಕ ಬಂದ್ರಾ, ಬನ್ನಿ ಬನ್ನಿ ಎಂದು ಸ್ಟೂಲ್ ಒರೆಸಿದರು. ಅವರಿಬ್ಬರ ಪರಿಚಯ ವಿಚಿತ್ರದ್ದು. ಇಪ್ಪತ್ತಾರು ವರ್ಷ ಒಬ್ಬರು ಕಂಬದ ಮೇಲೆ, ಒಬ್ಬರು ಮೇಜಿನ ಮುಂದೆ ಕೂತು ಫೋನಿನಲ್ಲೇ ಜಗಳವಾಡಿದವರು. ಮುಖಾಮುಖಿ ಮಾತಾಡಿದ್ದು ಕಡಿಮೆ.

ಅತ್ತೆ ಕೂರಲಿಲ್ಲ. ಗೋಡೆಗಳನ್ನು ಒಂದೊಂದಾಗಿ ನೋಡುತ್ತ ಹೋದರು. ಹಿಂಗೋಡೆಯ ಮುಂದೆ ನಿಂತರು. ಅಲ್ಲೊಂದು ಆಳೆತ್ತರದ ಮರದ ಗಡಿಯಾರವಿತ್ತು. ಅದೊಂದೇ ಓಡುತ್ತಿರಲಿಲ್ಲ. ಮೇಲೆಲ್ಲ ಧೂಳು. ಆದರೆ ಬಲ ಅಂಚಿನಲ್ಲಿ, ಎದೆಯೆತ್ತರಕ್ಕೆ, ಒಂದು ಅಂಗೈಯಗಲದ ಜಾಗ ಮಾತ್ರ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು.

"ಇದಕ್ಕೇನಾಗಿದೆ?"

"ರಿಪೇರಿಗೆ ಬಂದಿದೆ ಅಕ್ಕ."

"ಯಾವಾಗ ಬಂತು?"

ಮಾಮ ಮೇಜಿನ ಮೇಲಿನ ತಿರುಪುಗಳನ್ನು ಒಟ್ಟುಮಾಡಿದರು. "ಇಪ್ಪತ್ತೆರಡು ವರ್ಷ ಆಯ್ತು."

ಅತ್ತೆ ಆ ಹೊಳೆಯುವ ಜಾಗದ ಮೇಲೆ ತಮ್ಮ ಅಂಗೈ ಇಟ್ಟು ಎಳೆದರು. ಗಡಿಯಾರ ಬಾಗಿಲಿನ ಹಾಗೆ ತೆರೆದುಕೊಂಡಿತು. ಹಿಂದೆ ಗೋಡೆಯಲ್ಲಿ ಕಂಪನಿಯ ಹಳೆಯ ಕಬ್ಬಿಣದ ಡಬ್ಬ, ಅದರೊಳಗೆ ಐವತ್ತು ಜೋಡಿ ಹಿತ್ತಾಳೆ ತಿರುಪುಗಳು. ಎಲ್ಲಕ್ಕೂ ಹಸಿರು ಕಿಲುಬು ಹಿಡಿದಿತ್ತು, ಒಂದು ಜೋಡಿಯನ್ನು ಬಿಟ್ಟು. ಅದರ ಪಕ್ಕದಲ್ಲಿ ಸುಣ್ಣದಲ್ಲಿ ಬರೆದ ನಲವತ್ತೊಂದು. ಆ ಎರಡು ತಿರುಪುಗಳಿಂದ ಹೊರಟ ತಂತಿ, ಒಂದು ಸ್ವಿಚ್ಚು ದಾಟಿ, ಪಕ್ಕಕ್ಕೆ ಹಿಡಿ ಇರುವ ಕರಿಯ ಫೋನೊಂದಕ್ಕೆ ಹೋಗಿತ್ತು. ಎಕ್ಸ್‌ಚೇಂಜಿನ ಸಹಾಯವಿಲ್ಲದೆ, ಹಿಡಿ ತಿರುಗಿಸಿದರೆ ಆ ಕಡೆ ಗಂಟೆ ಬಾರಿಸುವ ಕಾಲದ ಫೋನು. ಮಾಮ ಅದನ್ನು ಉಜ್ಜಿ ಉಜ್ಜಿ ಚಪ್ಪಲಿ ಅಂಗಡಿಯವನ ಬೂಟನ್ನು ಮೀರಿಸಿದ್ದರು.

ನನ್ನ ಬಾಯಿಗೆ ಅಲ್ಲಿಯವರೆಗೆ ಹಾಕಿದ್ದ ಬೀಗ ಕಳಚಿತು. ನಮ್ಮ ಲೈನು, ಅರ್ಧ ಮೊಣಕಾಲು, ನೋಟೀಸು, ಅಕ್ಕನ ಕೆಲಸ, ಎಲ್ಲವನ್ನೂ ಒಂದೇ ಉಸಿರಿಗೆ ಅವರ ಮೇಲೆ ಸುರಿದೆ. ಮಾಮನ ಮುಖ ನಿಜವಾಗಿಯೂ ಬಿಳಿಚಿಕೊಂಡಿತು. ಭೂತಗನ್ನಡಿ ಕಣ್ಣಿನಿಂದ ಜಾರಿ ಎದೆಯ ಮೇಲೆ ನೇತಾಡಿತು.

"ನಿಮ್ಮ ಲೈನು ಮೂವತ್ತಾರನೇ ಜೋಡಿ ಅಲ್ವಾ ಮಗು? ಬೀದಿ ಮೂಲೆಯ ಕಂಪನಿ ಪೆಟ್ಟಿಗೇಲಿ ಕೆಂಪು ಟೊಪ್ಪಿ ಮೂವತ್ತಾರಕ್ಕೇ ಹಾಕಿದ್ದಾರೆ. ಆ ಫಿಟ್ಟರ್ ಪೆಟ್ಟಿಗೆ ತೆಗೆದಾಗ ಪಕ್ಕದಲ್ಲೇ ನಿಂತು ಕಣ್ಣಾರೆ ನೋಡಿದ್ದೀನಿ. ಅವನಿಗೆ ಕಾಫಿ ಕೊಟ್ಟು ನೋಡಿದ್ದೀನಿ."

ಇಲ್ಲಿ ಒಂದು ಮಾತು ಹೇಳಬೇಕು. ಲೈನ್‌ಮನ್ ಆದವನಿಗೆ ಒಂದು ಜೋಡಿ ತಂತಿ ಖಾಲಿ ಇದೆಯೋ ಇಲ್ಲವೋ ತಿಳಿಯುವುದು ಕಿವಿಯಿಂದ. ಪರೀಕ್ಷೆಯ ಫೋನನ್ನು ಕಚ್ಚಿಸಿ ಕೇಳುತ್ತಾನೆ. ಡಯಲ್ ಟೋನ್ ಬಂದರೆ ಅದಕ್ಕೊಬ್ಬ ಯಜಮಾನನಿದ್ದಾನೆ, ಮುಟ್ಟುವುದಿಲ್ಲ. ಸದ್ದಿಲ್ಲದಿದ್ದರೆ ಅದು ಯಾರದೂ ಅಲ್ಲ. ನಮ್ಮಂಥವರ ಬರಿಯ ತಾಮ್ರಕ್ಕೆ ಟೋನ್ ಎಲ್ಲಿಂದ ಬರಬೇಕು? ಅದಕ್ಕೇ ಅಂಥ ಜೋಡಿಯ ತಿರುಪುಗಳಿಗೆ ಕೆಂಪು ಪ್ಲಾಸ್ಟಿಕ್ ಟೊಪ್ಪಿ ಹಾಕುವ ಪದ್ಧತಿ. ಸದ್ದಿಲ್ಲದಿದ್ದರೂ ಇದಕ್ಕೆ ಒಡೆಯರಿದ್ದಾರೆ ಎಂದು ಅದರ ಅರ್ಥ.

ಅತ್ತೆ ತಮ್ಮ ಮೊಬೈಲಿನಿಂದ ಫಿಟ್ಟರಿಗೆ ಫೋನು ಹಚ್ಚಿ ಎರಡೇ ಪ್ರಶ್ನೆ ಕೇಳಿದರು. ಅವನು ಹೇಳಿದ್ದು ಇಷ್ಟು. ಆರ್ಡರಿನಲ್ಲಿದ್ದದ್ದು ಮೂವತ್ತಾರು, ಟೊಪ್ಪಿ ಅದಕ್ಕೇ ಹಾಕಿದ. ಆಮೇಲೆ ನೋಡಿದರೆ ಮೂವತ್ತಾರು ಎಲ್ಲೋ ನೀರು ಕುಡಿದು ಕೆಟ್ಟಿತ್ತು. ನಲವತ್ತೊಂದಕ್ಕೆ ಕಿವಿ ಕೊಟ್ಟ, ಸದ್ದಿರಲಿಲ್ಲ, ಖಾಲಿ ಎಂದು ನಮಗೆ ಅದನ್ನೇ ಕೊಟ್ಟ. ರಿಜಿಸ್ಟರಿನಲ್ಲಿ ಬದಲಾಯಿಸುವುದನ್ನೂ ಟೊಪ್ಪಿಯನ್ನು ನಲವತ್ತೊಂದಕ್ಕೆ ಬದಲಿಸುವುದನ್ನೂ ನಾಳೆ ಮಾಡಬೇಕೆಂದುಕೊಂಡಿದ್ದ. ಆ ನಾಳೆಗೆ ಎರಡು ತಿಂಗಳಾಗಿತ್ತು.

ಅಂದರೆ ಮಾಮ, ಫಿಟ್ಟರ್ ಇಬ್ಬರೂ ಒಂದೇ ತಂತಿಗೆ ಕಿವಿ ಕೊಟ್ಟು, ಇಬ್ಬರೂ ಅದು ಯಾರದೂ ಅಲ್ಲ ಎಂದುಕೊಂಡಿದ್ದರು. ನನ್ನ ಕೋಪ ಯಾರ ಮೇಲೆ ಕೂರಬೇಕೆಂದು ತಿಳಿಯದೆ ಅಲ್ಲೇ ಸುತ್ತಾಡಿತು.

"ಎರಡು ತಿಂಗಳಿಂದ ಸಣ್ಣಗೆ ಸುಯ್ ಅಂತ ಸದ್ದು ಬರ್ತಿತ್ತು ಅಕ್ಕ," ಎಂದರು ಮಾಮ. "ನನ್ನ ಕಿವಿಗೆ ವಯಸ್ಸಾಯ್ತು ಅಂದ್ಕೊಂಡೆ."

"ಅದು ಈ ಹುಡುಗಿ ಪೆಟ್ಟಿಗೆ ಸದ್ದು. ಇರಲಿ. ಆ ತುದೀಲಿ ಯಾರು?"

ಮಾಮ ಭೂತಗನ್ನಡಿಯನ್ನು ಒರೆಸತೊಡಗಿದರು. ನಾನು ಫಾರಂ ತೆಗೆದು ಮೇಜಿನ ಮೇಲೆ ಹರಡಿದೆ. ಮೂರು ಕಾಲಂ. ದೋಷ ಯಾವುದು, ದೋಷದ ಜಾಗ ಯಾವುದು, ದೋಷಕ್ಕೆ ಕಾರಣರಾದ ಎರಡೂ ತುದಿಯವರು ಯಾರು. ಮಾಮ ಅದನ್ನು ಓದಿ, ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗಿಟ್ಟರು.

"ನನ್ನ ಹೆಸರು ಬರಿ ಮಗು. ಪೆನ್ಷನ್ ನಿಲ್ಲಿಸ್ತಾರೆ, ನಿಲ್ಲಿಸಲಿ, ಗಡಿಯಾರಗಳಿವೆ. ಆ ತುದಿ ಮಾತ್ರ ಕೇಳಬೇಡ. ಅವರಿಗೆ ಇನ್ನೂ ಎರಡು ವರ್ಷ ಸರ್ವೀಸ್ ಇದೆ."

ಹೇಳಬಾರದ್ದನ್ನು ಹೇಳಿಬಿಟ್ಟೆನೆಂದು ಅವರಿಗೆ ಆ ಕ್ಷಣವೇ ಗೊತ್ತಾಯಿತು. ಅತ್ತೆಯ ಹುಬ್ಬು ಮೇಲೇರಿತು. ಆ ತುದಿಯವರು ಕಂಪನಿಯ ಒಳಗಿನವರು.

ಅಷ್ಟರಲ್ಲಿ ನಾಲ್ಕು ಗೋಡೆಯ ಗಡಿಯಾರಗಳೂ ಹನ್ನೊಂದೂ ಕಾಲು ಬಾರಿಸಿದವು. ಮಾಮ ಎದ್ದು ನಿಂತರು. ಶಾಲೆಯಲ್ಲಿ ಗಂಟೆ ಹೊಡೆದಾಗ ಮಕ್ಕಳು ಏಳುತ್ತಾರಲ್ಲ, ಹಾಗೆ. ಅವರು ಕಾಯುತ್ತಿರುತ್ತಾರೆ, ಇವತ್ತೊಂದು ದಿನ ಮಾತಾಡಿ ಇನ್ನು ಮೇಲೆ ಬೇಡ ಎಂದು ಹೇಳಿಬಿಡುತ್ತೇನೆ, ನೀವಿಬ್ಬರೂ ಐದು ನಿಮಿಷ ಹೊರಗಿರಿ ಎಂದು ಬೇಡಿಕೊಂಡರು.

ಅತ್ತೆ ಹೊರಗೆ ಹೋಗುವ ಬದಲು ಚೀಲದಿಂದ ತಮ್ಮ ಪರೀಕ್ಷೆಯ ಫೋನು ತೆಗೆದು ಅದರ ಎರಡು ಕ್ಲಿಪ್ಪುಗಳನ್ನು ನಲವತ್ತೊಂದಕ್ಕೆ ಕಚ್ಚಿಸಿದರು.

"ಲೈನು ಈ ಹುಡುಗೀದು. ಅವಳ ಲೈನಲ್ಲಿ ಅವಳು ಕೇಳಿಸಿಕೊಂಡ್ರೆ ಕದ್ದು ಕೇಳಿದ ಹಾಗೆ ಆಗುತ್ತಾ ಏಣಿ?"

ಮಾಮ ಸ್ವಿಚ್ಚು ಒತ್ತಿ ಹಿಡಿಯನ್ನು ಮೂರು ಸುತ್ತು ತಿರುಗಿಸಿದರು. ಅದೇ ಕ್ಷಣ ನನ್ನ ಮೊಬೈಲು ನಡುಗಿತು. ಕ್ಲಿನಿಕ್ಕಿನಲ್ಲಿ ಕಾದು ಕೂತಿದ್ದ ಅಕ್ಕನ ಸಂದೇಶ: ಹೋಯ್ತು, ಈ ಸಲ ಮೊಣಕೈ.

ನಾನೂ ಅತ್ತೆಯೂ ಕೆನ್ನೆಗೆ ಕೆನ್ನೆ ಹಚ್ಚಿ ಒಂದೇ ಫೋನಿಗೆ ಕಿವಿಯಿಟ್ಟೆವು. ಹಿಂದೆಲ್ಲೋ ನಮ್ಮ ಪೆಟ್ಟಿಗೆ ಸುಯ್ ಎನ್ನುತ್ತಿತ್ತು. ಆ ಕಡೆ ಯಾರೋ ಫೋನೆತ್ತಿದರು. ಹೆಂಗಸಿನ ದನಿ.

"ಹೂಂ. ನೀವು ಚುಟುಕಾಗಿ ಹೇಳಿ. ಆಮೇಲೆ ನಾನು ಉದ್ದಕ್ಕೆ ಹೇಳ್ತೀನಿ."

ನನ್ನ ಕೈ ತಾನಾಗಿಯೇ ಬಾಯಿ ಮುಚ್ಚಿಕೊಂಡಿತು. ಆ ದನಿ ನನಗೆ ಗೊತ್ತು. ಆ ಮಾತಿನ ಮೊದಲರ್ಧವಂತೂ ಊರಿಗೇ ಗೊತ್ತು. ಫೋನ್ ಕಂಪನಿಯ ಗುತ್ತಿಗೆ ವಿಭಾಗದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಚುಟುಕು ಮೇಡಂ. ಯಾರು ಏನು ಹೇಳಹೊರಟರೂ ಚುಟುಕಾಗಿ ಹೇಳಿ ಎನ್ನುತ್ತಾರೆ, ಮೂರನೇ ವಾಕ್ಯಕ್ಕೆ ಫೈಲು ಮುಚ್ಚುತ್ತಾರೆ. ನಮಗೆ ನೋಟೀಸು ಕಳಿಸಿದವರು ಅವರೇ. ನಾಲ್ಕು ಗಂಟೆಗೆ ನಾನು ಫಾರಂ ಹಿಡಿದು ನಿಲ್ಲಬೇಕಾದದ್ದು ಅವರ ಮುಂದೆಯೇ.

ಮಾಮ ಬಾಯಿ ತೆರೆಯುವಷ್ಟರಲ್ಲಿ ಮೇಡಂ ಶುರು ಮಾಡಿಬಿಟ್ಟರು. ಅಬ್ಬಾ, ಆ ಮಾತು. ಹೊಸ ಕನ್ನಡಕದ ವಿಷಯ ಬಂತು, ಅದು ಮೂಗಿನ ಮೇಲೆ ಜಾರುವ ವಿಷಯ ಬಂತು, ಮೇಲಿನ ಮನೆಯವರು ಬೆಳಗಾಗೆದ್ದು ಸೋಫಾ ಎಳೆಯುವ ವಿಷಯ ಬಂತು. ಅವರು ಮಂಗಳವಾರ ಮತ್ತು ಶುಕ್ರವಾರ ಎಕ್ಸ್‌ಚೇಂಜಿನ ರೆಕಾರ್ಡ್ ರೂಮಿಗೆ ರಿಜಿಸ್ಟರ್ ತಪಾಸಣೆಗೆ ಹೋಗುವುದು ಅತ್ತೆಗೆ ಗೊತ್ತಿದ್ದ ಸಂಗತಿ. ಊರಿನ ತಂತಿಗಳೆಲ್ಲ ಬಂದು ಸೇರುವ ಕೋಣೆಯ ನೆತ್ತಿಯ ಮೇಲೇ ಆ ರೂಮು. ಅಲ್ಲಿಯ ಯಾವ ಬೀರುವಿನೊಳಗೆ ಇನ್ನೊಂದು ಕರಿಯ ಫೋನು ಅಡಗಿದೆಯೋ.

"ಹಳೇ ರಿಜಿಸ್ಟರಲ್ಲಿ ನಿಮ್ಮ ಕೈಬರಹ ಸಿಕ್ತು," ಎಂದರು ಮೇಡಂ. "ನಾಳೆ ಬರೆಯುವೆ ಅಂತ ಪೆನ್ಸಿಲಲ್ಲಿ ಹದಿನೇಳು ಕಡೆ ಗೀಚಿದ್ದೀರ. ಒಂದನ್ನೂ ಬರೆದಿಲ್ಲ."

ಅವರು ನಕ್ಕರು. ಚುಟುಕು ಮೇಡಂಗೆ ನಗು ಬರುತ್ತದೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಎಷ್ಟು ಚೆಂದದ ನಗು. ಈ ಕಡೆ ಏಣಿ ಮಾಮ ಕಣ್ಣು ಮುಚ್ಚಿಕೊಂಡು, ಮುಖದ ತುಂಬ ಬೆಳಕಾಗಿ ಅದನ್ನು ಕೇಳುತ್ತಿದ್ದರು. ನನಗೆ ಅವರನ್ನು ನೋಡಿ ಖುಷಿಯಾಯಿತು, ಖುಷಿಯಾದದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂತು.

ಆಮೇಲೆ ಮೇಡಂ ಕೆಲಸದ ಮಾತಿಗೆ ಬಂದರು. ಯಾರೋ ಇಬ್ಬರು ಹುಡುಗಿಯರು ಲೈನು ಕೆಟ್ಟಿದೆ ಕೆಟ್ಟಿದೆ ಎಂದು ಪ್ರಾಣ ತಿನ್ನುತ್ತಿದ್ದಾರೆ, ಹೋಗಿ ನೋಡಿದರೆ ಏನೂ ಇರುವುದಿಲ್ಲ, ಸಂಜೆ ನಾಲ್ಕಕ್ಕೆ ಅದನ್ನೊಂದು ಮುಗಿಸಿಬಿಡುತ್ತೇನೆ ಎಂದರು. ಅತ್ತೆ ನನ್ನ ತೋಳನ್ನು ಚಿವುಟಿ ಹಿಡಿದರು, ಇಲ್ಲದಿದ್ದರೆ ನಾನು ಅಲ್ಲೇ ಉತ್ತರ ಕೊಡುತ್ತಿದ್ದೆ.

ಮಾಮ ಕೊನೆಗೂ ಗಂಟಲು ಸರಿಮಾಡಿಕೊಂಡರು. "ಒಂದು ವಿಷಯ ಹೇಳಬೇಕಿತ್ತು. ಈ ಲೈನು..."

"ಗೊತ್ತು, ಹೋದ ವಾರ ಕೇಳಿದ್ರಲ್ಲ ಅದೇ ತಾನೆ. ಇವತ್ತು ಕೇಳಬೇಡಿ. ಶುಕ್ರವಾರ ಹೇಳ್ತೀನಿ. ಇದೇ ಲೈನಲ್ಲಿ, ಇದೇ ಹೊತ್ತಿಗೆ. ಸಾಹೇಬರು ಬರ್ತಿದ್ದಾರೆ, ಇಡ್ತೀನಿ."

ಲೈನು ಮೌನವಾಯಿತು. ಮಾಮ ಫೋನನ್ನು ಮೆಲ್ಲಗೆ ಅದರ ಕೊಕ್ಕೆಗೆ ತೂಗುಹಾಕಿದರು.

ಹೋದ ವಾರ ಏನು ಕೇಳಿದ್ದಿರಿ ಎಂದು ನಾನು ಕೇಳಬೇಕಾಗಲೇ ಇಲ್ಲ. ಅವರ ಕಿವಿಯ ತುದಿ ಕೆಂಪಗಾಗಿತ್ತು.

"ನನಗೆ ಅರವತ್ತನಾಲ್ಕು, ಅವರಿಗೆ ಐವತ್ತೆಂಟು. ಇನ್ನು ಮೇಲಾದ್ರೂ ಒಂದೇ ಮನೇಲಿ ಇರೋಣವಾ ಅಂತ ಕೇಳಿದೆ. ಇಪ್ಪತ್ತೆರಡು ವರ್ಷ ಬೇಕಾಯ್ತು ಕೇಳೋಕೆ."

ಅತ್ತೆ ಅವರ ಬೆನ್ನಿಗೊಂದು ಗುದ್ದು ಕೊಟ್ಟರು. ಮೊಬೈಲ್ ಬಂದು ಯಾವ ಕಾಲವಾಯಿತು ಮಾರಾಯ ಎಂದು ಬೈದರು. ಮೊಬೈಲಿನಲ್ಲಿ ಅವರು ಮೇಡಂ ಆಗಿಬಿಡುತ್ತಾರೆ, ಎರಡು ಮಾತಿಗೆ ಮುಗಿಸುತ್ತಾರೆ, ಈ ಕರಿಯ ಫೋನಿನಲ್ಲಿ ಮಾತ್ರ ಮಾತು ಹರಿಯುತ್ತದೆ ಎಂದರು ಮಾಮ. 

ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಮೊದಲು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಆಮೇಲೆ, ಹೆಸರು ಬರೆಯದಿದ್ದರೆ ಹತ್ತು ಅಂಗಡಿಯವರಿಗೆ, ಡಾಕ್ಟರಿಗೆ ಏನು ಹೇಳುತ್ತೀಯ ಎಂದು ಕೇಳಿದಳು. ಬರೆದರೆ ಅವರಿಬ್ಬರಿಗೆ ಏನು ಹೇಳಲಿ ಎಂದೆ. 

ಅತ್ತೆ ಮಾತ್ರ, ಫಾರಂ ನಿನ್ನದು ಪುಟ್ಟಿ, ನಾನು ದೋಷ ಹುಡುಕಿಕೊಟ್ಟೆ, ನನ್ನ ಕೆಲಸ ಮುಗೀತು ಎಂದು ಬ್ರೆಡ್ ಅಂಗಡಿಗೆ ಹೋಗಿ ಎರಡು ಬನ್ನು ತಿಂದರು.

ನಾಲ್ಕಕ್ಕೆ ಐದು ನಿಮಿಷವಿರುವಾಗ ನಾನು ಕಂಪನಿಯ ಎರಡನೇ ಮಹಡಿಯಲ್ಲಿದ್ದೆ. ಮೇಡಂ ಮೇಜಿನ ಮೇಲೆ ಶಾಯಿ ಪ್ಯಾಡು, ಅದರ ಪಕ್ಕ ಎರಡು ಮರದ ಮುದ್ರೆ. ಒಂದು ನವೀಕರಿಸಿದೆ, ಇನ್ನೊಂದು ರದ್ದು. ಹೊಸ ಕನ್ನಡಕ ನಿಜವಾಗಿಯೂ ಮೂಗಿನ ಮೇಲೆ ಜಾರುತ್ತಿತ್ತು. ನನಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡೆ.

"ಚುಟುಕಾಗಿ ಹೇಳಿ," ಎಂದರು, ತಲೆಯೆತ್ತದೆ.

ಫಾರಂ ಮುಂದಿಟ್ಟೆ. ಮೊದಲೆರಡು ಕಾಲಂ ತುಂಬಿದ್ದೆ, ಜಾಗದ ಮುಂದೆ ಬರೀ ಮುನ್ನೂರ ನಲವತ್ತು ಮೀಟರ್ ಎಂದಷ್ಟೇ ಬರೆದು; ಮೂರನೆಯದು ಖಾಲಿ. ಹಳೆಯ ಹಿಡಿ ತಿರುಗಿಸುವ ಫೋನು, ಅದು ತಿರುಗಿದಾಗ ನಮ್ಮ ಪೆಟ್ಟಿಗೆ ನಿಲ್ಲುತ್ತದೆ, ಫಿಟ್ಟರ್ ಟೊಪ್ಪಿ ಹಾಕಿದ್ದು ಮೂವತ್ತಾರಕ್ಕೆ ಎಂದೆ. ಮೇಡಂ ಬರೆದುಕೊಳ್ಳುತ್ತಿದ್ದರು.

"ಕೊಟ್ಟಿದ್ದು ನಲವತ್ತೊಂದು," ಎಂದೆ.

ಪೆನ್ನು ನಿಂತಿತು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎದ್ದು ಹೋಗಿ ಬಾಗಿಲು ಹಾಕಿದರು, ಚಿಲಕವನ್ನೂ ಹಾಕಿದರು. ವಾಪಸ್ ಬಂದವರು ತಮ್ಮ ಕುರ್ಚಿಗೆ ಹೋಗದೆ ನನ್ನ ಪಕ್ಕದ ಕುರ್ಚಿಯಲ್ಲಿ, ನನ್ನ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತರು. ಕೈ ಚಾಚಿ ಮೇಜಿನಿಂದ ಒಂದು ಮುದ್ರೆಯನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡರು. ಯಾವುದೆಂದು ನನಗೆ ಕಾಣಲಿಲ್ಲ.

"ಈಗ ಚುಟುಕು ಬೇಡ," ಎಂದರು ಮೆಲ್ಲಗೆ. "ಉದ್ದಕ್ಕೆ ಹೇಳಿ. ಎರಡು ತುದೀಲೂ ಯಾರಿದ್ರು?"